ಉಪ್ಪಿನ ದಾರಿಯಲ್ಲಿ ಡ್ರ್ಯಾಗನ್

ಸಿನಿಮಾದಲ್ಲಿ ಡ್ರ್ಯಾಗನ್ ಇದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಫೋಲ್ಕ್‌ಮಾರ್ ನೇಗೆಲೆಗೆ ಆ ಶನಿವಾರ ಅಂಥ ಪಾಡು ಬರುತ್ತಿರಲಿಲ್ಲ.

ಎಸ್ಲಿಂಗೆನ್ ಊರಿನ ಚಿತ್ರಮಂದಿರದ ಎದುರಿಗೇ ಫ್ರಾವ್ ಬೋಸ್ಲರ್ ಎಂಬ ಒಡತಿಯ ಅಂಗಡಿ. ಮುಂದೆಲ್ಲ ಶಾಲೆಯ ಬ್ಯಾಗುಗಳು, ಹಿಂದಿನ ಒಂದು ಮೂಲೆಯಲ್ಲಿ ಮಾತ್ರ ಮೇಜಿನ ಮೇಲೆ ಆಡುವ ಆಟಗಳ ಪೆಟ್ಟಿಗೆಗಳು. ಆ ಮೂಲೆಗೆ ನೇಗೆಲೆಯೇ ರಾಜ, ಅವನೇ ಜವಾನ. ಅಲ್ಲಿನ ಆಟಗಳಲ್ಲೆಲ್ಲ 'ಉಪ್ಪಿನ ದಾರಿ' ಎಂದರೆ ಅವನಿಗೆ ಪ್ರಾಣ. ಮರದ ಪುಟ್ಟ ಗಾಡಿಗಳಿಗೆ ಉಪ್ಪು ಹೇರಿ, ಸುಂಕ ಕಟ್ಟಿ, ಊರಿಂದೂರಿಗೆ ಸಾಗಿಸುವ ಆಟ ಅದು. ಅದರಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಓಡುವುದೂ ಇಲ್ಲ. ಒಂದು ಕಾಲದಲ್ಲಿ ಊರಿನ ಮನೆಮನೆಗೂ ಕ್ರಿಸ್‌ಮಸ್ ಉಡುಗೊರೆಯಾಗಿ ಹೋಗಿತ್ತು. ಆಮೇಲೆ ಅದನ್ನು ಕೇಳುವವರೇ ಇರಲಿಲ್ಲ.

ಈಗ ಅದೇ ಆಟ ಸಿನಿಮಾ ಆಗಿತ್ತು. "ಸಿನಿಮಾ ಬಂದ ದಿನ ಜನ ಬಾಗಿಲು ಮುರ್ಕೊಂಡು ಬರ್ತಾರೆ, ಅಮ್ಮಾವ್ರೇ" ಎಂದು ನೇಗೆಲೆ ಒಡತಿಯ ಬೆನ್ನು ಬಿದ್ದು ಒಪ್ಪಿಸಿ, ಸೂರು ಮುಟ್ಟುವಷ್ಟು ಪೆಟ್ಟಿಗೆ ತರಿಸಿಬಿಟ್ಟಿದ್ದ.

ಫ್ರಾವ್ ಬೋಸ್ಲರ್ ಆ ಗುಡ್ಡವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ನೇಗೆಲೆ ಅವರೇ, ಇವತ್ತು ಬಾಗಿಲು ಹಾಕೋ ಹೊತ್ತಿಗೆ ಇದು ಕರಗಿರ್ಬೇಕು. ಇಲ್ದಿದ್ರೆ ನಿಮ್ಮ ಮೂಲೆ ತೆಗೆದು ಅಲ್ಲೂ ಬ್ಯಾಗೇ ಇಡ್ತೀನಿ. ನೀವೂ ಬ್ಯಾಗೇ ಮಾರಿ." ಹೀಗೆಂದು ಒಂದು ಬ್ಯಾಗನ್ನು ತಮ್ಮ ಕಿರುಬೆರಳಿಗೆ ಸಿಕ್ಕಿಸಿ ಎತ್ತಿದರು. ಗಿರಾಕಿಗಳ ಮುಂದೆ ಯಾವಾಗಲೂ ಮಾಡುವ ಪ್ರದರ್ಶನ ಅದು. "ನೋಡಿ, ಹೂವಿನ ಹಾಗೆ! ವ್ಯಾಪಾರ ಅಂದ್ರೆ ಇದು." ಬ್ಯಾಗು ಇಳಿಸಿ, ಕೂದಲು ಸರಿಮಾಡಿಸಿಕೊಳ್ಳಲು ಹೊರಟರು.

ಸಿನಿಮಾದ ಮೊದಲ ಆಟ ಬಿಟ್ಟಿತು. ಜನ ನಿಜಕ್ಕೂ ನುಗ್ಗಿದರು. ನೇಗೆಲೆಯ ಎದೆ ಹಿಗ್ಗಿತು. ದಪ್ಪ ಮೀಸೆಯವನೊಬ್ಬ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಡ್ರ್ಯಾಗನ್ ಎಲ್ರೀ?"

"ಯಾವ ಡ್ರ್ಯಾಗನ್ನು?"

"ಅದೇ ರೀ, ಉಪ್ಪಿನ ಗಾಡಿನೆಲ್ಲ ನುಂಗಿಹಾಕುತ್ತಲ್ಲ, ಅದು!"

ನೇಗೆಲೆಗೆ ತಲೆಬುಡ ಗೊತ್ತಾಗಲಿಲ್ಲ. "ಇದರಲ್ಲಿ ಸುಂಕದ ಅಧಿಕಾರಿ ಇದ್ದಾನೆ, ಸಾರ್. ಬಹಳ ಕಟ್ಟುನಿಟ್ಟು."

"ಬೆಂಕಿ ಉಗುಳ್ತಾನಾ?"

"ರಸೀದಿ ಕೊಡ್ತಾನೆ."

ಮೀಸೆಯವನು ಪೆಟ್ಟಿಗೆಯನ್ನು ಜಾಗದಲ್ಲೇ ಇಟ್ಟು ನಡೆದ. ಅವನ ಹಿಂದೆ ಉಳಿದವರೂ ಸಾಲಾಗಿ ಹೊರಬಿದ್ದರು.

ಪಕ್ಕದ ಬೇಕರಿಯ ಹೆರ್ ಕ್ಲೆಂಕ್ ಇದನ್ನೆಲ್ಲ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಕೈಗೆ ಹಿಟ್ಟು ಮೆತ್ತಿದ್ದರೂ ಬುದ್ಧಿ ಹೇಳಲು ಅವನಿಗೆ ಪುರುಸೊತ್ತಿನ ಕೊರತೆ ಇರಲಿಲ್ಲ.

"ಒಳಗೆ ಬಚ್ಚಿಟ್ರೆ ಯಾರಪ್ಪ ತಗೋತಾರೆ? ನಾನು ಬ್ರೇಟ್ಸೆಲ್ ರೊಟ್ಟಿ ಸುಟ್ಟು ಅಟ್ಟದಲ್ಲಿಡ್ತೀನಾ? ರಸ್ತೆಗೆ ತಂದಿಡು!"

ಅದೂ ಸರಿ ಅನ್ನಿಸಿತು. ನೇಗೆಲೆ ಬೆವರು ಸುರಿಸಿಕೊಂಡು ಫುಟ್‌ಪಾತಿನಲ್ಲಿ ಮೇಜು ಹಾಕಿ, ಗುಡ್ಡವನ್ನೆಲ್ಲ ಹೊತ್ತು ತಂದು ಅದರ ಮೇಲೆ, ಕೆಳಗೆ, ಸುತ್ತಮುತ್ತ ಪೇರಿಸಿದ. ಅಷ್ಟರಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಹೆರ್ ಲುಟ್ಸ್ ಬಂದರು.

"ನೇಗೆಲೆ, ನಿಯಮ ಸ್ವಲ್ಪ ವಿವರಿಸ್ತೀಯಾ? ಅರ್ಥ ಆದ್ರೆ ತಗೋತೀನಿ."

ನೇಗೆಲೆಗೆ ನಿಯಮ ವಿವರಿಸು ಎನ್ನುವುದೂ ಒಂದೇ, ಹಸಿದವನಿಗೆ ಎಲೆ ಹಾಕುವುದೂ ಒಂದೇ. ಮೇಷ್ಟ್ರನ್ನು ಒಳಗೆ ಕೂರಿಸಿ, ಬೀದಿಗೆ ಬೆನ್ನು ಹಾಕಿ ಶುರುಮಾಡಿದ. ಸುಂಕ ಮುಗಿದು ಸೇತುವೆ ಬಂತು, ಸೇತುವೆ ಮುಗಿದು ಮಳೆಗಾಲದ ವಿನಾಯಿತಿ ಬಂತು. ಮೇಷ್ಟ್ರು ಕೊನೆಗೆ ಕಣ್ಣು ಒರೆಸಿಕೊಂಡರು.

"ಎಂಥ ಅದ್ಭುತ! ಪೂರ್ತಿ ಅರ್ಥವಾಯ್ತು ಕಣಯ್ಯ."

"ಹಾಗಾದ್ರೆ ಒಂದು ಕಟ್ಟಿಕೊಡ್ಲಾ?"

"ಎಲ್ಲ ಅರ್ಥ ಆದ ಮೇಲೆ ಆಡೋದೇನು ಉಳೀತು?" ಎಂದು ಅವನ ಬೆನ್ನು ತಟ್ಟಿ ಹೊರಟುಹೋದರು.

ನೇಗೆಲೆ ಹೊರಗೆ ಬಂದು ನೋಡಿದರೆ ಮೇಜು ಬೋಳಾಗಿತ್ತು. ಒಂದೂ ಪೆಟ್ಟಿಗೆ ಇಲ್ಲ. ಮಹಡಿ ಮನೆಯ ಮುದುಕಿ ಫ್ರಾವ್ ಐಸೆಲೆ ಪೊರಕೆ ಹಿಡಿದು ನಿಂತಿದ್ದರು. ಆ ಕಟ್ಟಡದವರು ವಾರಕ್ಕೊಬ್ಬರಂತೆ ಬಾಗಿಲು ಗುಡಿಸಬೇಕು, ಆ ವಾರದ ಸರದಿ ಅವರದು. ಆ ಸರದಿ ಬಂದಾಗ ಸ್ವತಃ ಮೇಯರ್ ಬಂದು ನಿಂತಿದ್ದರೂ ಪಕ್ಕಕ್ಕೆ ಸರಿಸಿ ಗುಡಿಸುವ ಹೆಂಗಸು.

"ಐಸೆಲೆ ಅಜ್ಜಿ, ಇಲ್ಲಿದ್ದ ಪೆಟ್ಟಿಗೆಗಳು?"

"ಮೇಜಿನ ಕೆಳಗೆಲ್ಲ ತುಂಬಿಟ್ರೆ ನಾನು ಗುಡಿಸೋದು ಹ್ಯಾಗಪ್ಪಾ? ಎಲ್ಲಾನೂ ಅಂದವಾಗಿ ನನ್ನ ರಟ್ಟಿನ ಡಬ್ಬದ ಪಕ್ಕ ಜೋಡಿಸ್ದೆ."

ಡಬ್ಬ ಮೆಟ್ಟಿಲ ಬಳಿ ಖಾಲಿ ಕೂತಿತ್ತು. ಅದರ ಮೇಲೆ ಅಜ್ಜಿಯ ದಪ್ಪ ಅಕ್ಷರ: ಬೇಕಾದವರು ಒಯ್ಯಿರಿ. ಮನೆಯ ಹಳೆ ಸಾಮಾನನ್ನು ಹಾಗೆ ಬೀದಿಗಿಡುವುದು ಅಲ್ಲಿ ಎಲ್ಲರ ರೂಢಿ. ಅದರ ಪಕ್ಕ ಇದ್ದದ್ದು ಎತ್ತಿಕೊಂಡವರದೇ. ಮರಳಿ ಕೇಳುವುದೆಂದರೆ ಮರ್ಯಾದೆಗೇಡು.

"ಜನ ಎಷ್ಟು ಒಳ್ಳೇವ್ರು ನೋಡು," ಎಂದರು ಅಜ್ಜಿ. "ನನ್ನ ಒಡಕು ದೀಪಾನೂ ಬಿಡ್ಲಿಲ್ಲ!"

ನೇಗೆಲೆ ಮೆಟ್ಟಿಲ ಮೇಲೆ ಕುಸಿದು ಕೂತ. ಆಗಲೇ ಫ್ರಾವ್ ಬೋಸ್ಲರ್ ಹೊಸ ಕೂದಲು ಹೊತ್ತು ಬಂದರು. ಖಾಲಿ ಮೇಜು ನೋಡಿದರು, ಒಳಗೆ ಇಣುಕಿ ಮೂಲೆಯಲ್ಲಿ ಗುಡ್ಡವಿದ್ದ ಖಾಲಿ ಜಾಗ ನೋಡಿದರು.

"ಎಲ್ಲಾ ಹೋಯ್ತಾ!"

"ಹೋಯ್ತು ಅಮ್ಮಾವ್ರೇ, ಆದ್ರೆ ಅದು ಹೋದ ರೀತಿ—"

"ರೀತಿ ಯಾಕ್ರೀ? ಸಿನಿಮಾ ಅಂದ್ರೆ ಸಿನಿಮಾ!" ಅಲ್ಲೇ ಫೋನ್ ತೆಗೆದು ಇದರ ಎರಡರಷ್ಟು ಕಳಿಸಿ ಎಂದು ತಯಾರಕರಿಗೆ ಹೇಳಿಬಿಟ್ಟರು. "ನಿಮ್ಮ ಮೂಲೆ ಉಳೀತು. ಅಲ್ಲಿ ನನ್ನ ಅಣ್ಣನ ಮಗನ್ನ ಕೂರಿಸ್ತೀನಿ. ತಾನಾಗೇ ಖಾಲಿಯಾಗೋ ಸಾಮಾನಿಗೆ ನಿಮ್ಮಂಥ ಜಾಣ ಯಾಕೆ? ಸೋಮವಾರದಿಂದ ನೀವು ಬ್ಯಾಗಿಗೆ ಬನ್ನಿ!"

ಸಂತೋಷಕ್ಕೆ ಕ್ಲೆಂಕನ ಬೇಕರಿಗೆ ಕಾಫಿ ಕುಡಿಯಲು ಹೋದರು. ಅಳಬೇಕೋ ನಗಬೇಕೋ ನೇಗೆಲೆಗೆ ತಿಳಿಯಲಿಲ್ಲ. ತಾನು ಹೋದರೆ ಹೋಗಲಿ, ಮೂಲೆಯಾದರೂ ಉಳಿಯಿತಲ್ಲ ಎಂದುಕೊಂಡು ಮೇಜು ಮಡಚಲು ಎದ್ದ.

ಆಗ ಮೀಸೆಯವನು ಮತ್ತೆ ಕಾಣಿಸಿಕೊಂಡ. ಡಬ್ಬದ ಪಕ್ಕ ಒಂದು ಪೆಟ್ಟಿಗೆ ಇಟ್ಟ. "ಪುಕ್ಕಟೆದರಲ್ಲಾದ್ರೂ ಇರುತ್ತೇನೋ ಅಂತ ನೋಡ್ದೆ ಕಣ್ರೀ. ಡ್ರ್ಯಾಗನ್ ಇಲ್ಲ." ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಒಯ್ದ ಜಾಗಕ್ಕೇ ತಂದಿಟ್ಟು, ಅಂಚು ಸರಿಮಾಡಿ, ನಮಸ್ಕಾರ ಹೇಳಿ ಹೋದರು. ಮಾತು ಬೀದಿಯಿಂದ ಬೀದಿಗೆ ಹಬ್ಬಿತ್ತೋ ಏನೋ, ಸಿನಿಮಾ ನೋಡಿ ತಮ್ಮ ಅಟ್ಟದಲ್ಲಿದ್ದ ಹಳೆ ಆಟದ ನೆನಪಾದವರೂ ಅದನ್ನು ಹೊತ್ತು ಬಂದರು. ಕಾಫಿ ಕಲೆಯ ಪೆಟ್ಟಿಗೆ, ಇಲಿ ಕಡಿದ ಪೆಟ್ಟಿಗೆ, ಹಗ್ಗ ಬಿಗಿದ ಪೆಟ್ಟಿಗೆ! ಬೆಳಗಿನ ಗುಡ್ಡ ಸಂಜೆಗೆ ಬೆಟ್ಟವಾಯಿತು.

"ನಾಳೆ ಭಾನುವಾರ," ಎಂದು ಮೇಲಿನ ಕಿಟಕಿಯಿಂದ ಅಜ್ಜಿ ಕೂಗಿದರು. "ಬಾಗಿಲಲ್ಲಿ ಇದೆಲ್ಲ ಬಿದ್ದಿರಬಾರ್ದು, ಹೇಳಿರ್ತೀನಿ!"

ಒಳಗೆ ತರುವುದೇನೋ ಸರಿ, ಇಡುವುದೆಲ್ಲಿ? ಮೂಲೆಯಲ್ಲಿಟ್ಟರೆ ಒಡತಿ ನೋಡುತ್ತಾರೆ, ನೋಡಿದರೆ ಮೂಲೆಯೇ ಇರುವುದಿಲ್ಲ. ಕಂಗಾಲಾದ ನೇಗೆಲೆಯ ಕಣ್ಣು ಗೋಡೆಯುದ್ದಕ್ಕೂ ನೇತಾಡುವ ಬ್ಯಾಗುಗಳ ಮೇಲೆ ಬಿತ್ತು. ಒಂದರೊಳಗೆ ಒಂದು ಪೆಟ್ಟಿಗೆ ತೂರಿಸಿ ನೋಡಿದ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು! ಹರಿದವನ್ನೆಲ್ಲ ಹಿತ್ತಲ ಕಸದ ತೊಟ್ಟಿಗೆ ಹಾಕಿ, ಉಳಿದವನ್ನು ಬ್ಯಾಗುಗಳೊಳಗೆ ತುರುಕಿ ಜಿಪ್ ಎಳೆದ. ಬ್ಯಾಗುಗಳೆಲ್ಲ ಊಟ ಮಾಡಿ ಕೂತ ಮಾವಂದಿರ ಹಾಗೆ ಗಂಭೀರವಾಗಿ ಕಂಡವು.

ಉಸ್ಸಪ್ಪಾ ಎನ್ನುವಷ್ಟರಲ್ಲಿ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಫ್ರಾವ್ ಬೋಸ್ಲರ್, ಹಿಂದೆ ಹೆರ್ ಕ್ಲೆಂಕ್.

"ನೇಗೆಲೆ ಅವರೇ, ಕ್ಲೆಂಕ್ ಅವರ ಮಗಳು ಶಾಲೆಗೆ ಸೇರ್ತಾಳಂತೆ. ನೀವು ಸೋಮವಾರದಿಂದ ಬ್ಯಾಗಿನವರು ತಾನೇ? ಇಲ್ಲಿ ನಿಂತು ನೋಡಿ ಕಲಿತುಕೊಳ್ಳಿ."

ಅವರು ಗೋಡೆಯ ಬಳಿ ಹೋದರು, ಎಲ್ಲಕ್ಕಿಂತ ಮೇಲಿನ ಬ್ಯಾಗನ್ನು ಆರಿಸಿದರು, ಕ್ಲೆಂಕನ ಕಡೆ ತಿರುಗಿ ನಕ್ಕು, ತಮ್ಮ ಕಿರುಬೆರಳನ್ನು ಅದರ ಹಿಡಿಕೆಯೊಳಗೆ ನಾಜೂಕಾಗಿ ತೂರಿಸಿದರು.