ಲೊಡಲೊಡ ಗ್ರೇಡು

ವೈದ್ಯಕೀಯ ಶಿಕ್ಷಣಕ್ಕೆ ಸೇರಬಯಸುವವರ ಪದವಿ ಗ್ರೇಡಿಗೆ ತಕ್ಕ ಮಹತ್ವ ನೀಡತಕ್ಕದ್ದು ಎಂದು ತಿಪಟೂರು ಸೀಮೆಯ ನಮ್ಮ ಹೊಸ ಮೆಡಿಕಲ್ ಕಾಲೇಜಿನ ಆಡಳಿತ ಮಂಡಳಿ ಸರ್ವಾನುಮತದಿಂದ ನಿರ್ಣಯಿಸಿತು. ಸದಸ್ಯರೆಲ್ಲರೂ ಕೊಬ್ಬರಿ ವರ್ತಕರಾದ್ದರಿಂದ, ಗ್ರೇಡ್ ಎಂದರೇನು ಎಂಬ ಬಗ್ಗೆ ಯಾವ ಗೊಂದಲವೂ ಉಂಟಾಗಲಿಲ್ಲ. ನಡಾವಳಿ ಬರೆದ ಗುಮಾಸ್ತ ನಾನೇ.

ಅಟ್ಟದ ಮೇಲೆ ಒಂದು ವರ್ಷ ಒಣಗಿದ ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಡಲೊಡ ಎಂದರೆ ಒಳಗೆ ಉಂಡೆ ಕೊಬ್ಬರಿ ಸಿದ್ಧ. ಇಲ್ಲದಿದ್ದರೆ ಇನ್ನೂ ನೀರಿದೆ, ಮರಳಿ ಅಟ್ಟಕ್ಕೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವುದರಿಂದ ತಜ್ಞರ ಸಮಿತಿಯ ಖರ್ಚು ಉಳಿಯಿತು.

ಸಂದರ್ಶನಕ್ಕೆ ಮೊದಲು ಬಂದವಳು ಹಾಲ್ಕುರಿಕೆಯ ಯೋಗಿತಾ. ಬಿ.ಎಸ್ಸಿ.ಯಲ್ಲಿ ಮೊದಲ ರ‍್ಯಾಂಕು. ಚಿಕ್ಕಂದಿನಿಂದ ಡಾಕ್ಟರಾಗುವ ಒಂದೇ ಹಟ. ಅಧ್ಯಕ್ಷ ಸದಾಶಿವಯ್ಯನವರು ಅವಳ ಅಂಕಪಟ್ಟಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು.

"ಸದ್ದೇ ಇಲ್ವಲ್ಲಮ್ಮ?"

"ಅದು ಕಾಗದ ಸಾರ್."

"ಹಂಗಾದ್ರೆ ತಲೆ ಕೊಡು."

ಇಬ್ಬರು ಸದಸ್ಯರು ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ಬಂತು.

"ನೋಡ್ರಪ್ಪ, ಇನ್ನೂ ನೀರೈತೆ!" ಎಂದರು ಅಧ್ಯಕ್ಷರು. "ಒಂದ್ ವರ್ಷ ಅಟ್ಟಕ್ಕೆ ಹತ್ಸಿ."

ನನಗೆ ಅಯ್ಯೋ ಅನಿಸಿತು. ನಡಾವಳಿಯಲ್ಲಿ ಅಯ್ಯೋ ಎಂದು ಬರೆಯಲು ಅವಕಾಶವಿಲ್ಲ.

ಎರಡನೆಯವನು ಅಧ್ಯಕ್ಷರ ಅಣ್ಣನ ಮಗ ಬಸವಕುಮಾರ್. ಪದವಿಯಲ್ಲಿ ಡುಮ್ಕಿ ಹೊಡೆದಿದ್ದ. ಅಲ್ಲಾಡಿಸಿದ ಕೂಡಲೇ ಲೊಡಲೊಡ ಎಂದಿತು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಬಾಯಲ್ಲಿ ಪೆಪ್ಪರ್‌ಮಿಂಟ್ ಇದೆ ಸಾರ್," ಎಂದರು ಪ್ರಾಂಶುಪಾಲರು ಮೆಲ್ಲಗೆ.

ಸ್ಥಳದಲ್ಲೇ ಎರಡು ಉಪನಿಯಮಗಳು ಅಂಗೀಕಾರವಾದವು: ಸದ್ದಿನ ಮೂಲವನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ, ಓದು ಮುಗಿಯುವ ಮುನ್ನ ಸದ್ದು ನಿಂತರೆ ಸೀಟು ರದ್ದು.

ಯೋಗಿತಾಳ ತಾಯಿ ನಿಂಗಮ್ಮ ಆದೇಶದಂತೆ ಮಗಳನ್ನು ಕಾಯಿಗಳ ಪಕ್ಕದಲ್ಲಿ ಅಟ್ಟಕ್ಕೆ ಹತ್ತಿಸಿದರು. ಊಟ ಏಣಿಯ ಮೇಲೆ ಹೋಗುತ್ತಿತ್ತು. ಪುಸ್ತಕ ಕೇಳಿದರೆ, "ಓದ್ಬ್ಯಾಡ ಕಣೇ, ತೇವ ಹಿಡ್ದಾತು," ಎನ್ನುತ್ತಿದ್ದರು.

ಮರುವರ್ಷ ಯೋಗಿತಾ ಬಂದಾಗ ಕೆನ್ನೆಗಳು ಕೊಂಚ ಉಬ್ಬಿದ್ದವು. ಒಳಗೆ ಹುಣಸೆಬೀಜ. ತಲೆ ಅಲ್ಲಾಡಿಸಿದರು. ಲೊಡಲೊಡ! ಮೊದಲ ಗ್ರೇಡು, ಸೀಟು ಖಾಯಂ.

ಈಗ ತರಗತಿ ನೆಮ್ಮದಿಯಿಂದ ನಡೆಯುತ್ತಿದೆ. ಹೃದಯಕ್ಕೆ ಕೋಣೆ ಎಷ್ಟು ಎಂದು ಅಧ್ಯಾಪಕರು ಕೇಳಿದರೆ ಎಲ್ಲರೂ ಲೊಡಲೊಡ ಎನ್ನುತ್ತಾರೆ, ಎಲ್ಲರಿಗೂ ಪೂರ್ತಿ ಅಂಕ. ಯೋಗಿತಾಳಿಗೆ ನಿಜವಾದ ಉತ್ತರ ಗೊತ್ತು. ಹೇಳಬೇಕಾದರೆ ಬೀಜ ಉಗುಳಬೇಕು, ಉಗುಳಿದರೆ ಸೀಟು ಹೋಗುತ್ತದೆ.

ಮೊನ್ನೆ ನಿಂಗಮ್ಮ ಫೋನ್ ಮಾಡಿ, "ಉಂಡ್ಯೇನವ್ವ?" ಎಂದು ಕೇಳಿದರು. ಆ ಕಡೆಯಿಂದ ಲೊಡಲೊಡ ಎಂದಿತು. "ನಮ್ ಹುಡ್ಗಿ ಡಾಕ್ಟ್ರಾಗೋದು ಗ್ಯಾರಂಟಿ ಕಣ್ರೀ!" ಎಂದು ಸಂತೋಷಕ್ಕೆ ಅತ್ತುಬಿಟ್ಟರು.

ಅಲ್ಲೇ ಕೂತಿದ್ದ ಪಕ್ಕದ ಮನೆಯ ಭೈರಮ್ಮ ಎದ್ದು ಬಾಗಿಲು ಮುಂದೆ ಮಾಡಿ, ಸೆರಗಿನಿಂದ ಅವರ ಕಣ್ಣೊರೆಸಿದರು. "ಅಳಬ್ಯಾಡ ಬುಡಕ್ಕ. ಯಾರಾನ ನೋಡಿದ್ರೆ, ಇವ್ರ ವಂಶದಾಗೇ ನೀರೈತೆ ಅಂದಾರು."