ಹೆಮ್ಮಿಗೆಯಲ್ಲಿ ನಾನು ಕಪ್ಪು ಕಾಯಿ ನಡೆಸಿದ್ದು

ತಾಂಡ್ಯದ ನಮ್ಮ ಕಾರ್ಖಾನೆಯಲ್ಲಿ ಚೆಸ್ ಆಡುವವರ ಪೈಕಿ ನಾನು ಎರಡನೆಯ ಸ್ಥಾನದಲ್ಲಿದ್ದೆ. ಆಡುತ್ತಿದ್ದವರು ಇಬ್ಬರೇ! ಮೊದಲನೆಯವನು ಶಿವಮೂರ್ತಿ, ನನ್ನ ಪಕ್ಕದ ಮೆಷಿನ್ನಿನವನು. ಹಾಗಾಗಿ ಆ ತೊಂಬತ್ತರ ದಶಕದ ಕೊನೆಯಲ್ಲಿ ಚಿಕ್ಕಪ್ಪ ನಂಜನಗೂಡಿನ ನನ್ನ ರೂಮಿಗೆ ಬಂದು, "ಎಣ್ಣಿನ ಅಪ್ಪ ಚೆಸ್ ಆಡ್ತಾರಂತೆ ಕಣ್ಲಾ" ಎಂದಾಗ ನಾನು ಎದೆಯುಬ್ಬಿಸಿ ನಕ್ಕುಬಿಟ್ಟೆ.

"ನಗ್ಬೇಡ. ಪೂರ್ತಿ ಕೇಳು" ಎಂದರು ಚಿಕ್ಕಪ್ಪ.

ಹೆಣ್ಣು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯವಳು, ಹೆಸರು ಮಂಗಳ. ಫೋಟೋ ನೋಡಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ. ಅವಳ ತಂದೆ ಪುಟ್ಟಮಾದಪ್ಪನವರು ಹೆಣ್ಣು ನೋಡಲು ಬಂದ ಗಂಡನ್ನು ಚೆಸ್ಸಿಗೆ ಕೂರಿಸುತ್ತಿದ್ದರಂತೆ. ಮೊದಲು ಬಂದವನು ಗೆದ್ದ. ಗರ್ವದವನು ಅಂತ ಸಂಬಂಧ ಬೇಡವೆಂದರು. ಎರಡನೆಯವನು ಸೋತ. ದಡ್ಡ ಅಂತ ಬೇಡವೆಂದರು. ಇದು ಊರವರು ಚಿಕ್ಕಪ್ಪನಿಗೆ ಹೇಳಿದ ಸುದ್ದಿ.

ನನ್ನ ನಗು ನಿಂತಿತು. ಗೆದ್ದರೂ ಮಂಗಳ ಇಲ್ಲ, ಸೋತರೂ ಮಂಗಳ ಇಲ್ಲ! ಉಳಿದದ್ದು ಒಂದೇ ದಾರಿ. ಆಟವನ್ನು ಡ್ರಾ ಮಾಡಿಕೊಂಡು, ಮಾವನ ಮರ್ಯಾದೆಯನ್ನೂ ನನ್ನ ಮರ್ಯಾದೆಯನ್ನೂ ಸರಿಸಮವಾಗಿ ಉಳಿಸಿಕೊಂಡು ಬರುವುದು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಶಿವಮೂರ್ತಿಯ ಮುಂದೆ ನನ್ನ ಸಂಕಟ ತೋಡಿಕೊಂಡೆ. ಅವನು ಡಾಕ್ಟರಂತೆ ತಲೆಯಾಡಿಸಿದ.

"ಹಿರಿಯರು, ಬಿಳೀ ಕಾಯಿ ಅವರೇ ತಗೋತಾರೆ. ನಿಂಗೆ ಕಪ್ಪು. ಕಪ್ಪಿಗೆ ಯಾವ ಕಾಯಿ ನಡೆಸ್ತೀಯಾ ಅನ್ನೋದಕ್ಕಿಂತ ಯಾವುದ್ರ ಹಿಂದೆ ಯಾವುದು ಅನ್ನೋದು ಮುಖ್ಯ ಕಣೋ."

"ಕುದುರೆ ಮೊದಲು ಬಿಟ್ರೆ?"

"ಕೆಟ್ಟೆ! ಅವರ ಪದಾತಿ ಮುಂದಕ್ಕೆ ಬಂದು ನಿನ್ನ ಕುದುರೇನ ಅಟ್ಟಿಸ್ಕೊಂಡು ಹೋಗ್ತದೆ. ಅದ್ಕೇ ಮೊದ್ಲು ಮಂತ್ರಿ ಮುಂದಿನ ಪದಾತಿ ಒಂದು ಮನೆ. ಅದು ಕಾವಲು. ಆಮೇಲೆ ಕುದುರೆ. ಆಮೇಲೆ ಕುದುರೆ ಪಕ್ಕದಲ್ಲಿ ಇನ್ನೊಂದು ಪದಾತಿ, ಆ ಸಂದೀಲಿ ಒಂಟೆ. ಕೊನೇಗೆ ರಾಜನ್ನೂ ಆನೇನೂ ಅದಲು ಬದಲು ಮಾಡಿ ಕೋಟೆ ಕಟ್ಕೊಂಡು ಒಳಗೆ ಕೂತ್ಕೊ. ನಿನ್ನ ಯಾರೂ ಮುಟ್ಟೋಕಾಗಲ್ಲ."

ಪದಾತಿ, ಕುದುರೆ, ಪದಾತಿ, ಒಂಟೆ, ಕೋಟೆ. ಇಷ್ಟನ್ನು ಸ್ನಾನ ಮಾಡುವಾಗ, ಹಲ್ಲುಜ್ಜುವಾಗ, ಮೆಷಿನ್ ಓಡಿಸುವಾಗ ಜಪಿಸಿದೆ. ಆ ಭಾನುವಾರ ನರಸೀಪುರದ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗೆ ಸಾ?" ಎಂದಾಗ "ಕುದುರೆ" ಎಂದೆ. ಚಿಕ್ಕಪ್ಪ ತಾವೇ ಟಿಕೆಟ್ ತೆಗೆದುಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು.

ಹೆಮ್ಮಿಗೆಯಲ್ಲಿ ಪುಟ್ಟಮಾದಪ್ಪನವರನ್ನು ಕಂಡೊಡನೆ ನಾನು ಚಿಕ್ಕಪ್ಪನ ಹಿಂದಕ್ಕೆ ಸರಿದೆ. ಬಾಗಿಲು ತುಂಬುವ ಆಳು, ಹಣೆ ತುಂಬ ವಿಭೂತಿ, ತುಟಿಯನ್ನೇ ಮುಚ್ಚಿದ ಮೀಸೆ. ಮಂಗಳ ಉಪ್ಪಿಟ್ಟು ಕೇಸರಿಬಾತು ತಂದಿಟ್ಟಳು. ನಾನು ತಲೆಯೆತ್ತಲಿಲ್ಲ. ಹೆಣ್ಣು ನೋಡಲು ಹೋದವನು ಹೆಣ್ಣಿನ ಕಾಲುಂಗುರವಿಲ್ಲದ ಬೆರಳುಗಳನ್ನಷ್ಟೇ ನೋಡಿದೆ. ಅಷ್ಟರಲ್ಲಿ ಚೆಸ್ ಮಣೆ ಬಂತು.

"ಕುಂತ್ಕಳಿ. ಒಂದಾಟ ಆಡವಾ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ಬಿಳಿ ಕಾಯಿ ಅವರ ಕಡೆಗೇ ಹೋಯಿತು. ಮಂಗಳ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಪುಟ್ಟಮಾದಪ್ಪನವರು ಒಂದು ಪದಾತಿಯನ್ನು ಒಂದು ಮನೆ ಸರಿಸಿದರು. ನಾನು ಕೈ ಚಾಚುವಷ್ಟರಲ್ಲಿ ಇನ್ನೊಂದು ಪದಾತಿಯನ್ನೂ ಸರಿಸಿದರು! ಒಂದೇ ಸಲಕ್ಕೆ ಎರಡು ನಡೆ! ಮಾವನಾಗುವವರು ಮೊದಲ ನಡೆಯಲ್ಲೇ ಮೋಸ ಮಾಡುತ್ತಿದ್ದಾರೆ. ಹೇಳುವುದು ಹೇಗೆ? ಹೇಳದೇ ಇರುವುದು ಹೇಗೆ?

"ನೀವೂ ಎರಡು ನಡೀರಿ. ನಮ್ಮ ಕಡೆ ಅಂಗೇ" ಎಂದರು.

ಓಹೋ, ಇದು ಊರಿನ ಪದ್ಧತಿ! ಸದ್ಯ, ನನ್ನ ಮೊದಲ ಎರಡು ನಡೆ ಬಾಯಿಪಾಠವಾಗಿದ್ದವು. ಪದಾತಿ ಸರಿಸಿ ಠೀವಿಯಿಂದ ಕುದುರೆ ಎತ್ತಿದೆ.

"ಊಂ ಊಂ! ಕುದ್ರೆ ಅಲ್ಲ. ಎರಡೂ ಪದಾತೀನೇ ಆಗ್ಬೇಕು."

ಕುದುರೆ ಇಳಿಸಿದೆ. ನನ್ನ ಜಪದಲ್ಲಿ ಪದಾತಿಯ ಹಿಂದೆ ಪದಾತಿಯೇ ಇಲ್ಲ! ಮಗ್ಗಿ ಮರೆತವನಂತೆ ಮತ್ತೆ ಮೊದಲಿಂದ ಶುರು ಮಾಡಿದೆ. ಪದಾತಿ, ಕುದುರೆ, ಪದಾತಿ... ಮೂರನೆಯದನ್ನು ಎರಡನೆಯದಾಗಿ ನಡೆಸಿದರೆ ಎರಡನೆಯದು ಮೂರನೆಯದಾಗುತ್ತದೆಯೋ, ಇಲ್ಲ ತಪ್ಪಿಯೇ ಹೋಗುತ್ತದೆಯೋ? ಶಿವಮೂರ್ತಿ ಇದನ್ನು ಹೇಳಿರಲಿಲ್ಲ.

"ಏನೋ ಗೊಣಗ್ತಾವ್ರಲ್ಲ?" ಎಂದು ಪುಟ್ಟಮಾದಪ್ಪನವರು ಚಿಕ್ಕಪ್ಪನನ್ನು ಕೇಳಿದರು.

"ಶಿವನಾಮ ಕಣ್ರೀ. ನಮ್ಮುಡುಗಂಗೆ ಭಕ್ತಿ ಜಾಸ್ತಿ" ಎಂದರು ಚಿಕ್ಕಪ್ಪ, ಕೇಸರಿಬಾತಿನಿಂದ ಕಣ್ಣೆತ್ತದೆ.

ಹೇಗೋ ಎರಡನೆಯ ಪದಾತಿ, ಆಮೇಲೆ ಹೆದರುತ್ತ ಮೂರು ಸಲ ಎತ್ತಿ ಇಳಿಸಿದ ಕುದುರೆ, ಆಮೇಲೆ ಒಂಟೆ ದಾಟಿದವು. ಉಳಿದದ್ದು ಕೋಟೆ. ಅದೊಂದು ಕಟ್ಟಿಬಿಟ್ಟರೆ ನಾನು ಬಚಾವ್! ಒಂದು ಕೈಯಲ್ಲಿ ರಾಜ, ಇನ್ನೊಂದು ಕೈಯಲ್ಲಿ ಆನೆ ಹಿಡಿದು ಏಕಕಾಲಕ್ಕೆ ಎತ್ತಿದೆ.

"ಅದೇನ್ರೀ ಅದು!"

ಎರಡೂ ಕೈ ಗಾಳಿಯಲ್ಲೇ ನಿಂತವು. ಅಡಿಕೆ ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಕಂಡಿರಬೇಕು.

"ಕೋಟೆ..." ಎಂದೆ.

"ನಾನು ಎದುರ್ಗೇ ಕುಂತಿವ್ನಿ, ಎರಡೆರಡು ಕಾಯಿ ಎತ್ತೀರಲ್ಲ! ಯಾವ ಊರಿನ ಆಟ ಇದು? ಮಡಗಿ, ಮಡಗಿ."

ಮಡಗಿದೆ. ನಾನು ಕಳ್ಳನೆಂದು ಅವರಿಗೆ ಖಾತ್ರಿಯಾಯಿತು. ಗರ್ವದವನಿಗೂ ದಡ್ಡನಿಗೂ ಕೊಡದ ಹೆಣ್ಣನ್ನು ಕಳ್ಳನಿಗೆ ಕೊಡುತ್ತಾರೆಯೇ? ಅಲ್ಲಿಂದಾಚೆಗೆ ಕೈಗೆ ಸಿಕ್ಕಿದ ಕಾಯಿಯನ್ನು ಕಣ್ಣಿಗೆ ಕಂಡ ಮನೆಗೆ ತಳ್ಳುತ್ತ ಹೋದೆ. ಆಗ ಆಗಬಾರದ್ದು ಆಯಿತು. ಚಿಕ್ಕಪ್ಪನ ಜೊತೆ ಭತ್ತದ ಮಾತಾಡುತ್ತ ಪುಟ್ಟಮಾದಪ್ಪನವರು ಮೈಮರೆತರು. ನೋಡುತ್ತೇನೆ, ನಾನು ಇನ್ನೊಂದು ನಡೆ ನಡೆದರೆ ಅವರ ರಾಜ ಸತ್ತ!

ಅಯ್ಯೋ, ನಾನು ಗೆಲ್ಲುತ್ತಿದ್ದೇನೆ! ಜೀವಮಾನದಲ್ಲಿ ಗೆಲುವನ್ನು ಕಂಡು ಅಷ್ಟು ಹೆದರಿದ್ದಿಲ್ಲ. ದೇವರೇ, ಈ ಮನುಷ್ಯನಿಗೆ ಏನಾದರೊಂದು ದಾರಿ ತೋರಿಸಪ್ಪಾ ಎಂದು ನಂಜುಂಡೇಶ್ವರನಿಗೆ ಹರಕೆ ಹೊತ್ತೆ.

ನಂಜುಂಡೇಶ್ವರ ತೋರಿಸಿದ. ಪುಟ್ಟಮಾದಪ್ಪನವರು ಮೀಸೆ ಸವರಿಕೊಂಡು ರಾಜನನ್ನು ಎತ್ತಿ, ಕುದುರೆಯ ಹಾಗೆ ಹಾರಿಸಿ, ಪದಾತಿಗಳ ಆಚೆ ಇಟ್ಟರು.

ನಾನು ಸಂತೋಷಪಡಬೇಕಿತ್ತು. ಆದರೆ ಶಿವಮೂರ್ತಿ ಕಲಿಸಿದ ನಾಲಿಗೆ ಕೇಳಬೇಕಲ್ಲ!

"ಮೋಸ!" ಎಂದು ಕಿರುಚಿದೆ.

ಚಿಕ್ಕಪ್ಪನ ಚಮಚ ಬಾಯಿಯ ಹತ್ತಿರ ನಿಂತಿತು. ಪುಟ್ಟಮಾದಪ್ಪನವರು ನಿಧಾನವಾಗಿ ತಲೆಯೆತ್ತಿದರು.

"ಏನಂದ್ರಿ?"

"ಏನಿಲ್ಲ ಮಾವ" ಎಂದೆ.

ಮಾವ! ಸಂಬಂಧ ಕುದುರುವ ಮುಂಚೆಯೇ ಮಾವ! ಅಡುಗೆಮನೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ನಾನು ಆ ಕ್ಷಣದಲ್ಲಿ ನೆಲ ಬಾಯಿ ಬಿಟ್ಟರೆ ಸಾಕು ಎಂದು ಕಾದು ಕೂತಿದ್ದೆ. ಅದೂ ಬಿಡಲಿಲ್ಲ.

"ಒಂದ್ಸಲವೂ ಚೆಕ್ ಬೀಳದೇ ಇದ್ರೆ ರಾಜ ಒಂದು ಕಿತ ಕುದ್ರೆ ಅಂಗೆ ಎಗರಬೌದು. ಅಷ್ಟೂ ಗೊತ್ತಿಲ್ವಾ?" ಎಂದರು. ಆಮೇಲೆ ಬಹಳ ಹೊತ್ತು ತೆಗೆದುಕೊಳ್ಳದೆ ನನ್ನನ್ನು ಸೋಲಿಸಿದರು.

ವಾಪಸ್ಸು ಬಸ್ಸಿನಲ್ಲಿ ಚಿಕ್ಕಪ್ಪ ಒಂದೇ ಮಾತಾಡಿದರು. "ಕೇಸರಿಬಾತು ಮಾತ್ರ ಚೆನ್ನಾಗಿತ್ತು." ಅದಾದ ಮೇಲೆ ಕಾರ್ಖಾನೆಯ ಆಫೀಸಿನಲ್ಲಿ ಫೋನ್ ಹೊಡೆದಾಗಲೆಲ್ಲ ನಾನು ಮೆಷಿನ್ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ನಾನು ದಡ್ಡ, ಕಳ್ಳ, ಹಿರಿಯರನ್ನೇ ಮೋಸಗಾರ ಎಂದವನು. ಇನ್ನೇನು ಉಳಿದಿದೆ?

ಕೊನೆಗೆ ಫೋನ್ ಬಂತು. "ಒಪ್ಪವ್ರಂತೆ ಕಣ್ಲಾ!" ಚಿಕ್ಕಪ್ಪನಿಗೇ ನಂಬಿಕೆ ಬಂದಿರಲಿಲ್ಲ. ಶಿವಮೂರ್ತಿಯಂತೂ ಇಡೀ ಕ್ಯಾಂಟೀನಿಗೆ ಸಾರಿದ. "ನಾನ್ ಹೇಳ್ಕೊಟ್ಟ ನಡೆ! ಕುದುರೆ ಮೊದ್ಲು ಬಿಟ್ಟಿದ್ರೆ ಇವನಿಗೆ ಮದುವೇನೇ ಆಗ್ತಿರಲಿಲ್ಲ." ನಾನೂ ಹಾಗೇ ನಂಬಿದೆ. ನನ್ನ ಆಟದಲ್ಲಿ ಏನೋ ಒಂದು ಘನತೆ ಇದ್ದಿರಬೇಕು!

ಮದುವೆಯಾದ ಮೇಲೆ ಒಂದು ಸಂಜೆ ಕಾಫಿ ಕುಡಿಯುತ್ತ ಮಂಗಳಳನ್ನು ಕೇಳಿದೆ. "ನಿಮ್ಮಪ್ಪ ನನ್ನ ಆಟದಲ್ಲಿ ಏನು ಕಂಡು ಒಪ್ಪಿದರು?"

"ನಮ್ಮಪ್ಪನಾ? ಅಪ್ಪಂಗೆ ಊರಲ್ಲಿ ಆಡೋಕೆ ಯಾರೂ ಸಿಗಲ್ಲ ಕಣ್ರೀ. ಅದ್ಕೇ ಮನೆಗೆ ಬಂದೋರನ್ನೆಲ್ಲ ಕೂರಿಸ್ಕೋತಾರೆ. ಸಾಲ ಕೇಳೋಕೆ ಬಂದೋರನ್ನೂ ಬಿಡಲ್ಲ."

"ಮತ್ತೆ ಆ ಹಿಂದಿನ ಇಬ್ಬರು?"

"ಅವರನ್ನ ಬೇಡ ಅಂದಿದ್ದು ನಾನು."

"ಹಾಗಾದರೆ ನನ್ನನ್ನು?"

ಮಂಗಳ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಒಂದು ಮರದ ಕುದುರೆ ಎತ್ತೋಕೆ ಅಷ್ಟು ನಡುಗ್ತಿದ್ರಲ್ಲ. ಇಷ್ಟು ಹೆದರೋ ಗಂಡಸು ಜನ್ಮದಲ್ಲಿ ನನ್ನ ಮಾತು ಮೀರಲ್ಲ ಅಂತ ಗ್ಯಾರಂಟಿ ಆಯ್ತು. ಅವತ್ತೇ ಅವ್ವಂಗೆ ಹೇಳ್ಬಿಟ್ಟೆ."

ಗಂಡಸಿನ ಮರ್ಯಾದೆಯ ಪ್ರಶ್ನೆ! ಖಾರವಾಗಿ ಏನಾದರೂ ಹೇಳಲೇಬೇಕೆಂದು ಲೋಟ ಕೆಳಗಿಟ್ಟು ಬಾಯಿ ತೆರೆದೆ.

"ಏನು?" ಎಂದಳು.

"ಏನಿಲ್ಲ" ಎಂದೆ.