ಎಕ್ಸಿಟ್ ಮತ್ತೆ ಬರುತ್ತೆ

ನಮ್ಮ ಸೋದರಮಾವ ಯಾವ ಸಮಾರಂಭಕ್ಕೂ ತಡವಾಗಿ ಬರುವುದಿಲ್ಲ. ಅವರು ಬಂದಾಗಲೇ ಅದು ಶುರುವಾಗುತ್ತದೆ, ಅಷ್ಟೇ. ಇದು ನನ್ನ ಮಾತಲ್ಲ, ಅವರದೇ ವಾದ.

ಅಮೆರಿಕದ ಡರ್ಹಮ್‌ನ ಲ್ಯಾಬೊಂದರಲ್ಲಿ ಮೂವತ್ತು ವರ್ಷ ನಿಮಿಷ ನೋಡಿಕೊಂಡು ದುಡಿದವರು, ರಿಟೈರ್ ಆದ ಮೇಲೆ ಲೈಬ್ರರಿಯ ತತ್ತ್ವಶಾಸ್ತ್ರದ ಗುಂಪಿಗೆ ಸೇರಿದರು. ಅಲ್ಲಿ ತೈವಾನಿನ ಹಿರಿಯರೊಬ್ಬರು, ಚೀನೀಯರ ತಾವೋ ದರ್ಶನದ ಪ್ರಕಾರ ಎಲ್ಲವೂ ಹೊರಟಲ್ಲಿಗೇ ಮರಳುತ್ತದೆ ಎಂದರಂತೆ. ಘಾನಾದ ನರ್ಸ್ ಒಬ್ಬರು, ತಮ್ಮೂರಲ್ಲಿ ಜನ ಸೇರಿದಾಗಲೇ ಹೊತ್ತು ಶುರು ಎಂದರಂತೆ. ಮಾವ ಮನೆಗೆ ಬಂದವರೇ ಗೋಡೆ ಗಡಿಯಾರ ಇಳಿಸಿ, ಅದರ ಬ್ಯಾಟರಿಯನ್ನು ಟಿವಿ ರಿಮೋಟಿಗೆ ಹಾಕಿದರು.

ಹಲ್ಲಿನ ಡಾಕ್ಟರ ಬಳಿ ಹತ್ತು ಗಂಟೆಗೆ ಅಪಾಯಿಂಟ್‌ಮೆಂಟ್ ಇತ್ತು. ಹನ್ನೆರಡಕ್ಕೆ ಹೋಗಿ, ಗಾಬರಿಯಾದ ರಿಸೆಪ್ಷನಿಸ್ಟಿಗೆ ಇವರೇ ಸಮಾಧಾನ ಹೇಳಿದರಂತೆ: "ಚಿಂತೆ ಇಲ್ಲಮ್ಮ, ಹತ್ತು ಗಂಟೆ ನಾಳೆನೂ ಬರುತ್ತೆ." ಮರುದಿನ ಹತ್ತು ಗಂಟೆ ಬಂತು. ಮಾವ ಬರಲಿಲ್ಲ.

ಒಮ್ಮೆ ಯುಗಾದಿ ಊಟಕ್ಕೆ ನನ್ನನ್ನೂ ಮಗಳನ್ನೂ ಕಾರಿನಲ್ಲಿ ಕರೆದೊಯ್ದರು. ಪಕ್ಕದ ರಾಲಿ ಊರನ್ನು ಬಳಸಿಹೋಗುವ ವೃತ್ತಾಕಾರದ ಹೆದ್ದಾರಿ.

"ಮಾವ, ಎಕ್ಸಿಟ್ ಮಿಸ್ ಆಯ್ತಲ್ಲ."

"ಹೋಗ್ಲಿ ಬಿಡೇ, ಮತ್ತೆ ಬರುತ್ತೆ."

ಇಡೀ ಊರು ಸುತ್ತಿದ ಮೇಲೆ ನಿಜಕ್ಕೂ ಬಂತು. ಅಷ್ಟರಲ್ಲಿ ಅವರು ತಾವೋ ವಿವರಿಸುವುದರಲ್ಲಿ ಮುಳುಗಿದ್ದರಲ್ಲ, ಎರಡನೇ ಸಲವೂ ಎಕ್ಸಿಟ್ ತಪ್ಪಿತು. ನಾವು ತಲುಪಿದಾಗ ಹೋಳಿಗೆಯ ಪಾತ್ರೆ ತೊಳೆಯುತ್ತಿದ್ದರು.

ಕಳೆದ ವರ್ಷ ಒಂದು ಶನಿವಾರ ಬೆಳಿಗ್ಗೆ, ಫೋನೂ ಮಾಡದೆ ಅಲ್ಲೇ ಹತ್ತಿರದ ಏಪೆಕ್ಸ್ ಊರಿನ ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಮೆಲ್ಲಗೆ ಹೇಳಿದರು: "ಆ ನರ್ಸಮ್ಮ ಹೇಳಿದ್ರು ಕಣೇ, ಹೆಸರು ಹಿಡಿದು ನೆನೆಯೋರು ಇರೋ ತನಕ ಸತ್ತೋರು ಮನೆಯವರೇ ಅಂತೆ. ನೀನು ಅಕ್ಕನ ಹೆಸರೇ ಎತ್ತಲ್ಲ."

ಅವರ ಅಕ್ಕ ಎಂದರೆ ನನ್ನ ಅಮ್ಮ. 2020ರಲ್ಲಿ ವಿಮಾನಗಳು ನಿಂತಿದ್ದಾಗ ಇಂಡಿಯಾದಲ್ಲಿ ತೀರಿಕೊಂಡಳು. ಕೊನೆಯದನ್ನೆಲ್ಲ ಫೋನಿನಲ್ಲೇ ನೋಡಿದೆ. ಆಮೇಲೆ ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದೆ. ಅಂದೂ ಸಿಂಕಿನ ಕಡೆ ತಿರುಗಿದೆ.

ಒಂಬತ್ತು ವರ್ಷದ ಮಗಳು ಕೇಳಿದಳು: "ಅಜ್ಜಿ ನೇಮ್ ಏನು?"

ನನ್ನ ಮಗಳಿಗೆ ನನ್ನ ಅಮ್ಮನ ಹೆಸರು ಗೊತ್ತಿರಲಿಲ್ಲ.

"ಸರೋಜ," ಎಂದೆ.

"ಚೌಕಾಬಾರದಲ್ಲಿ ಮಹಾ ಮೋಸಗಾತಿ," ಎಂದರು ಮಾವ. "ಕವಡೇನ ಸೆರಗಲ್ಲಿ ಮಗುಚೋಳು."

ಮಗಳ ಚಾಕ್‌ಪೀಸಿನಿಂದ ಹಿತ್ತಿಲ ಮರದ ಡೆಕ್ ಮೇಲೆ ಆಟದ ಮನೆಗಳನ್ನು ಬರೆದರು. ಕವಡೆಗೆ ಪಿಸ್ತಾ ಸಿಪ್ಪೆ. ನಾವು ಮೂವರು ಆಡಿದೆವು. ನಾಲ್ಕನೆಯ ಕೈ ಅಕ್ಕನದು ಎಂದು ಅದನ್ನೂ ಮಾವನೇ ಆಡಿದರು. ಆ ಕೈಯ ಸರದಿ ಬಂದಾಗಲೆಲ್ಲ ಅವರ ಕಿರುಬೆರಳು ಮೆಲ್ಲಗೆ ಒಂದು ಸಿಪ್ಪೆಯನ್ನು ಮಗುಚುತ್ತಿತ್ತು. ಮೂರನೆಯ ಕಾಯಿ ಹಣ್ಣಾಗುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಮೋಸ ಮಾಡ್ಬೇಡ," ಎಂದುಬಿಟ್ಟೆ.

ಮಾವ ತಲೆ ಎತ್ತಲಿಲ್ಲ. ಸಿಪ್ಪೆಗಳನ್ನು ಬಾಚಿ ನನ್ನ ಕೈಗಿಟ್ಟರು.